ದರ್ಜಿ ಹೇಳಿದ್ದು, ನಾನು ಟೈಪಿಸಿದ್ದು

ನಮ್ಮ ನ್ಯಾಯಾಲಯದಲ್ಲಿ ಸಾಕ್ಷಿ ಆಡುವ ಮಾತು ನೇರವಾಗಿ ಕಾಗದಕ್ಕೆ ಇಳಿಯುವುದಿಲ್ಲ. ವಕೀಲರು ಕೇಳುತ್ತಾರೆ, ಸಾಕ್ಷಿ ಹೇಳುತ್ತಾನೆ, ನ್ಯಾಯಾಧೀಶರು ಅದನ್ನು ಸೋಸಿ ಒಂದು ವಾಕ್ಯ ಮಾಡಿ ನನಗೆ ಹೇಳುತ್ತಾರೆ, ನಾನು ಟೈಪಿಸುತ್ತೇನೆ. ಸಾಕ್ಷಿ ಹತ್ತು ನಿಮಿಷ ತನ್ನ ಮಂಡಿನೋವು, ಭಾವಮೈದುನನ ದುರ್ಬುದ್ಧಿ, ಮನೆ ಮೆಟ್ಟಿಲಿನ ಎತ್ತರ ಎಲ್ಲವನ್ನೂ ಹೇಳಿದರೂ ಕೊನೆಗೆ ಕಾಗದದಲ್ಲಿ ಉಳಿಯುವುದು ‘ಆ ದಿನ ನಾನು ಮನೆಯಲ್ಲಿದ್ದೆ’ ಎಂಬುದಷ್ಟೇ. ನಾನು ಕೆಲಸಕ್ಕೆ ಸೇರಿದ ದಿನ ಹಿರಿಯ ಟೈಪಿಸ್ಟ್ ಒಬ್ಬರು ಬುದ್ಧಿ ಹೇಳಿದ್ದರು: ಕಿವಿಗೆ ಬಿದ್ದದ್ದು ಬೆರಳಿಗೆ ಹೋಗಬೇಕು, ನಡುವೆ ತಲೆಗೆ ಹೋಗಬಾರದು. ನನ್ನದು ತಲೆಗೂ ಹೋಗುತ್ತದೆ. ಕಂಡವರ ಮನೆಯ ವಿಷಯ ತಿಳಿಯುವ ಚಪಲ ನನಗೆ ಚಿಕ್ಕಂದಿನಿಂದಲೂ ಇದೆ, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ನಿನಗೆ ತಕ್ಕ ನೌಕರಿಯೇ ಸಿಕ್ಕಿದೆ ಬಿಡು ಎಂದು ನನ್ನ ಗಂಡ ಇಪ್ಪತ್ತಾರು ವರ್ಷದಿಂದ ಆಡಿಕೊಳ್ಳುತ್ತಿದ್ದಾರೆ.

ಈ ಮೊಕದ್ದಮೆಯಲ್ಲಿ ಮಾತ್ರ ಚಪಲ ಎನ್ನುವ ಮಾತು ಹೊಂದುವುದಿಲ್ಲ. ನನಗೆ ನಿಜವಾಗಿಯೂ ತಿಳಿಯಬೇಕಿತ್ತು. ಇಪ್ಪತ್ತೇಳರ ಹೆಂಗಸು, ಚೊಚ್ಚಲ ಹೆರಿಗೆ, ನಲವತ್ತಮೂರು ದಿನದ ಹೆಣ್ಣುಮಗು. ಒಂದು ಗುರುವಾರ ಬೆಳಗ್ಗೆ ಬಚ್ಚಲುಮನೆಯ ಟಬ್ಬಿನ ನೀರಿನಲ್ಲಿ ಆ ಮಗು ಅವಳ ಕೈಯಲ್ಲೇ ಸತ್ತಿತು. ಮಾಡಿದ್ದು ಅವಳೇ ಎಂಬುದನ್ನು ಅವಳ ಪರ ವಕೀಲೆಯೂ ಒಪ್ಪಿದ್ದರು. ಮಾಡುವಾಗ ಏನು ಮಾಡುತ್ತಿದ್ದೇನೆಂದು ಅವಳಿಗೆ ತಿಳಿದಿತ್ತೇ, ಇಲ್ಲವೇ ಎಂಬುದೊಂದೇ ಪ್ರಶ್ನೆ. ತಿಳಿದಿತ್ತು ಎಂದಾದರೆ ಅವಳಿಗೆ ಜೀವಾವಧಿ ಜೈಲು, ಇಲ್ಲವೆಂದಾದರೆ ಆಸ್ಪತ್ರೆ.

ಅವಳು ಕಟಕಟೆಯೊಳಗಿನ ಬೆಂಚಿನ ಮೇಲೆ ಕೂತು ದಿನವಿಡೀ ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು. ಹೆಸರು ಕೂಗಿದರೆ ಏಳುವಳು, ಕೂರು ಎಂದರೆ ಕೂರುವಳು. ನನ್ನ ಮಗಳಿಗಿಂತ ಎರಡು ವರ್ಷಕ್ಕೆ ದೊಡ್ಡವಳು. ಮೊದಲ ದಿನ ನನಗೆ ಅವಳನ್ನು ಕಂಡರೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲಾಮೇಲೆ ಸಿಟ್ಟಿನ ಜಾಗದಲ್ಲಿ ಪ್ರಶ್ನೆಗಳು ಬಂದು ಕೂತವು.

ಮೊದಲು ಗಂಡ ಬಂದ. ಲಿಫ್ಟ್ ರಿಪೇರಿ ಮಾಡುವವನು. ಹೆಂಡತಿಗೆ ಹೆರಿಗೆಯಾದ ಮೇಲೆ ನಿದ್ದೆ ಬರುತ್ತಿರಲಿಲ್ಲ, ತಾನು ಎದ್ದಾಗಲೆಲ್ಲ ತೊಟ್ಟಿಲ ಪಕ್ಕ ನಿಂತಿರುತ್ತಿದ್ದಳು ಎಂದ. ಸರ್ಕಾರಿ ವಕೀಲರು ಕೇಳಿದರು, “ತಾಯಿ ಮಗೂನ ನೋಡ್ಕೊಂಡು ನಿಂತ್ಕೊಳ್ಳೋದು ತಪ್ಪಾ?” ಅವನು ಇಲ್ಲ ಎಂದ. ‘ಆರೋಪಿ ಮಗುವನ್ನು ಜೋಪಾನವಾಗಿ ನೋಡಿಕೊಳ್ಳುತ್ತಿದ್ದಳು’ ಎಂದು ನ್ಯಾಯಾಧೀಶರು ಹೇಳಿದರು, ನಾನು ಟೈಪಿಸಿದೆ.

ಮರುದಿನ ಅತ್ತೆ. ಬಾಯಿ ಜೋರಿನ ಹೆಂಗಸು, ಆದರೆ ಸೊಸೆಯನ್ನು ಹಳಿಯಲಿಲ್ಲ. “ಚೆನ್ನಾಗೇ ಇದ್ಲು ಸ್ವಾಮಿ. ಅನ್ನ ಮಾಡೋಳು, ಬಟ್ಟೆ ಒಗೆಯೋಳು. ಒಂದೊಂದ್ ಸಲ ಮಾತಾಡ್ತಾ ಇರ್ಲಿಲ್ಲ. ನಾನೂ ಹೊಸದರಲ್ಲಿ ಹಂಗೇ ಇದ್ದೆ.” ಅದರಲ್ಲಿ ಕಾಗದಕ್ಕೆ ಬಂದದ್ದು ಅನ್ನ ಮತ್ತು ಬಟ್ಟೆ. ಮೂರನೆಯ ದಿನ ಬಂದ ಮನೋರೋಗದ ಡಾಕ್ಟರು ಆರೋಪಿಯನ್ನು ನೋಡಿದ್ದೇ ಘಟನೆಯಾಗಿ ನಾಲ್ಕು ತಿಂಗಳಾದ ಮೇಲೆ, ಅದೂ ಒಂದೇ ಸಲ. ಈಗ ಶಾಂತವಾಗಿದ್ದಾಳೆ, ಆಗ ಹೇಗಿದ್ದಳೆಂದು ಈಗ ಹೇಳುವುದು ಕಷ್ಟ, ಆದರೂ ಬುದ್ಧಿಭ್ರಮೆ ಇದ್ದಿರಬಹುದು, ಇಲ್ಲದೆಯೂ ಇರಬಹುದು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಹೋದರು. ನನಗೆ ಎಂಥ ಕೋಪ ಬಂತೆಂದರೆ ಅವರ ಹೇಳಿಕೆಯಲ್ಲಿ ಎರಡು ಕಡೆ ತಪ್ಪು ಕೀಲಿ ಒತ್ತಿದೆ.

ನಾಲ್ಕನೆಯ ದಿನ ದರ್ಜಿ ಬಂದರು. ಆ ಮನೆಯ ಕೆಳಗೇ ಅವರ ಅಂಗಡಿ. ಅರವತ್ತರ ಸಣಕಲು ಮನುಷ್ಯ, ಕೈಯಲ್ಲೊಂದು ಬಟ್ಟೆಯ ಚೀಲ, ಕತ್ತಿನಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಅದನ್ನು ತೆಗೆಯಿರಿ ಎಂದು ಜವಾನ ಹೇಳಿದಾಗ ಬೆಚ್ಚಿಬಿದ್ದು ತೆಗೆದು ಜೇಬಿಗೆ ತುರುಕಿದರು. ಅವರನ್ನು ಕರೆಸಿದ್ದು ಸರ್ಕಾರಿ ವಕೀಲರು, ಘಟನೆಗೆ ಎರಡು ದಿನ ಮೊದಲು ಅವಳು ನೆಟ್ಟಗೇ ಇದ್ದಳೆಂದು ತೋರಿಸುವುದಕ್ಕೆ.

“ಮಂಗಳವಾರ ಆಕೆ ನಿಮ್ಮ ಅಂಗಡಿಗೆ ಬಂದ್ರಾ?”

“ಬಂದ್ರು.”

“ಯಾಕೆ?”

“ಮಗೂದು ನಾಲ್ಕು ಅಂಗಿ ತಂದಿದ್ರು, ಹೊಲಿಗೆ ಹಾಕಿ ಅಂತ.”

“ನೆಟ್ಟಗೆ ಮಾತಾಡಿದ್ರಾ?”

“ಹೂಂ, ತುಂಬಾ ಮರ್ಯಾದೆಯಾಗಿ ಮಾತಾಡಿದ್ರು. ಬುಧವಾರ ಬೇಕು ಅಂದ್ರು. ಆದರೆ—”

“ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ.”

ದರ್ಜಿ ಮಾತು ನುಂಗಿಕೊಂಡರು. ನ್ಯಾಯಾಧೀಶರು ಹೇಳಿದರು: ‘ಆರೋಪಿ ಮಂಗಳವಾರ ಮಗುವಿನ ನಾಲ್ಕು ಅಂಗಿಗಳನ್ನು ರಿಪೇರಿಗೆ ಕೊಟ್ಟಳು. ಬುಧವಾರಕ್ಕೆ ಬೇಕೆಂದು ತಿಳಿಸಿದಳು. ಸಹಜವಾಗಿ ಮಾತನಾಡಿದಳು.’ ಅವಳ ಪರ ವಕೀಲೆ ಆ ದಿನ ನ್ಯಾಯಾಲಯದ ಇನ್ನೂ ಮೂರು ಕೋಣೆಗಳಿಗೆ ಓಡಬೇಕಿತ್ತು. ಪಾಪ, ಎದ್ದು ನಿಂತು, “ಪ್ರಶ್ನೆ ಇಲ್ಲ” ಎಂದು ಕೂತರು. ಗುರುವಾರ ಕೊಲ್ಲುವ ಉದ್ದೇಶ ಇಟ್ಟುಕೊಂಡವಳು ಮಂಗಳವಾರ ಮಗುವಿನ ಅಂಗಿ ರಿಪೇರಿಗೆ ಯಾಕೆ ಕೊಡುತ್ತಾಳೆ ಎಂದೂ ಅವರು ಕೇಳಲಿಲ್ಲ. ಕಾಗದದ ಮೇಲೆ ಈಗ ಅವಳು ನಮ್ಮ ನಿಮ್ಮಂತೆ ಲೆಕ್ಕಾಚಾರದ ಹೆಂಗಸಾಗಿದ್ದಳು.

ಆದರೆ ಆ ‘ಆದರೆ’ ನನ್ನ ತಲೆಗೆ ಹೋಗಿ ಕೂತಿತ್ತು. ಆದರೆ ಏನು?

ಸಾಕ್ಷಿ ಸಹಿ ಹಾಕುವ ಮೊದಲು ಅವನ ಹೇಳಿಕೆಯನ್ನು ಅವನಿಗೆ ಓದಿ ಹೇಳಬೇಕು, ಸರಿ ಇದೆ ಎಂದರೆ ಸಹಿ ತೆಗೆದುಕೊಳ್ಳಬೇಕು ಎಂದು ನಿಯಮವೇ ಇದೆ. ಯಾರೂ ಓದುವುದಿಲ್ಲ. ‘ಓದಿ ಹೇಳಲಾಯಿತು, ಸರಿ ಇದೆ’ ಎಂಬ ಸಾಲು ಹೇಳಿಕೆಯ ಕೊನೆಯಲ್ಲಿ ಮೊದಲೇ ಅಚ್ಚಾಗಿರುತ್ತದೆ, ನಾನು ಬೆರಳಿಟ್ಟು ತೋರಿಸುತ್ತೇನೆ, ಅವರು ಗೀಚುತ್ತಾರೆ. ಇಷ್ಟು ವರ್ಷದಲ್ಲಿ ನಾನು ಓದಿದ್ದು ಹತ್ತು ಸಲವೂ ಇರಲಿಕ್ಕಿಲ್ಲ. ದರ್ಜಿ ನನ್ನ ಮೇಜಿನ ಹತ್ತಿರ ಬಂದು ಪೆನ್ನು ಹಿಡಿದಾಗ, ತಡೆಯಿರಿ, ಓದುತ್ತೇನೆ ಎಂದೆ. ಒಂದೊಂದೇ ಸಾಲು ನಿಧಾನವಾಗಿ ಓದಿದೆ.

“ರಿಪೇರಿ ಅಂತ ನಾನ್ ಹೇಳ್ಲಿಲ್ಲ ಅಮ್ಮಾ,” ಎಂದರು ದರ್ಜಿ. “ಹರಿದಿದ್ರೆ ರಿಪೇರಿ. ಅವೆಲ್ಲ ಹೊಸ ಅಂಗಿ.”

“ಮತ್ತೆ ಏನು ಕೆಲಸ?”

ಇದು ನಾನು ಕೇಳಬಾರದ ಪ್ರಶ್ನೆ. ಟೈಪಿಸ್ಟ್ ಸಾಕ್ಷಿಯನ್ನು ಏನೂ ಕೇಳುವಂತಿಲ್ಲ. ಕೇಳಿದ್ದು ಮೇಲಿನವರ ಕಿವಿಗೆ ಬಿದ್ದರೆ ನೌಕರಿಗೇ ಸಂಚಕಾರ. ದರ್ಜಿ ಬಗ್ಗಿ ಮೆಲ್ಲಗೆ ಹೇಳಿದರು.

“ಸಹಿ ಹಾಕ್ಬೇಡಿ,” ಎಂದೆ.

“ಹಾಕದೇ ಇದ್ರೆ ಬೈತಾರಲ್ವಾ?”

“ಬೈತಾರೆ. ಬೈಸ್ಕೊಳ್ಳಿ.”

ಅವರು ಬೈಸಿಕೊಂಡರು. ಗುಮಾಸ್ತರು ಮೊದಲು ಕಣ್ಣು ಬಿಟ್ಟರು, ಆಮೇಲೆ ಬಾಯಿ ಬಿಟ್ಟರು. ದರ್ಜಿ ಪೆನ್ನನ್ನು ಮೇಜಿನ ಮೇಲಿಟ್ಟು ಕೈಕಟ್ಟಿ ನಿಂತೇ ಇದ್ದರು. ಗದ್ದಲ ಕೇಳಿ ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ ಏನದು ಎಂದರು. ನಾನು ಎದ್ದು ನಿಂತೆ. “ಓದಿ ಹೇಳಿದೆ ಸ್ವಾಮಿ. ಸಾಕ್ಷಿ ಸರಿ ಇಲ್ಲ ಅಂತಿದ್ದಾರೆ,” ಎಂದೆ. ಅವರು ನನ್ನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ದರ್ಜಿಯನ್ನು ಮತ್ತೆ ಸಾಕ್ಷಿಯ ಕಟಕಟೆಗೆ ಕರೆದರು.

“ಏನು ಸರಿ ಇಲ್ಲ?”

“ರಿಪೇರಿ ಅಲ್ಲ ಸ್ವಾಮಿ. ಕತ್ತು, ಎರಡು ತೋಳು, ಕೆಳಗಿನ ಅಂಚು, ಎಲ್ಲಾ ಕಡೆ ಮುಚ್ಚಿ ಹೊಲೀರಿ ಅಂದ್ರು.”

“ಮುಚ್ಚಿ ಅಂದ್ರೆ?”

“ಮುಚ್ಚಿ ಅಂದ್ರೆ ಮುಚ್ಚಿ. ದಿಂಬಿನ ಚೀಲ ಹೊಲಿಯೋ ಹಾಗೆ.”

ಸರ್ಕಾರಿ ವಕೀಲರು ಎದ್ದರು, ನ್ಯಾಯಾಧೀಶರು ಕೈ ತೋರಿಸಿ ಕೂರಿಸಿದರು. “ಹಾಗೆ ಹೊಲಿದ್ರೆ ಮಗು ಹಾಕ್ಕೊಳ್ಳೋದು ಹೇಗೆ ಅಂತ ನೀವು ಕೇಳ್ಲಿಲ್ವಾ?”

“ಇಲ್ಲ ಸ್ವಾಮಿ.” ದರ್ಜಿ ತಲೆ ತಗ್ಗಿಸಿದರು. “ಗಿರಾಕಿ ಹೇಳಿದ ಹಾಗೆ ಹೊಲಿಯೋದು ನನ್ನ ಕಸುಬು. ಒಬ್ರು ಕಿಸೆ ಬೆನ್ನಲ್ಲಿ ಇಡಿ ಅಂತಾರೆ, ಇನ್ನೊಬ್ರು ಒಂದು ಕಾಲು ಉದ್ದ ಇರ್ಲಿ ಅಂತಾರೆ. ಯಾಕೆ ಅಂತ ಕೇಳಿದ್ರೆ ಮುಂದಿನ ಅಂಗಡಿಗೆ ಹೋಗ್ತಾರೆ. ಏನೋ ಆಟದ ಸಾಮಾನು ಮಾಡ್ತಾರೆ ಅಂದ್ಕೊಂಡೆ.”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವರು. ಆ ಕ್ಷಣ ಅವರನ್ನು ಹಿಡಿದು ಅಲ್ಲಾಡಿಸಬೇಕೆನ್ನಿಸಿತು. ಆದರೆ ‘ರಿಪೇರಿ’ ಎಂದು ಮರುಮಾತಿಲ್ಲದೆ ಟೈಪಿಸಿದವಳೂ ನಾನೇ ಅಲ್ಲವೇ.

ಪೊಲೀಸರು ಆ ಮನೆಯಿಂದ ತಂದ ವಸ್ತುಗಳ ಪಟ್ಟಿಯಲ್ಲಿ ‘ಮಗುವಿನ ಬಟ್ಟೆಗಳು, ಒಂದು ಕಟ್ಟು’ ಎಂದಿತ್ತು. ಅರಗು ಹಾಕಿದ ಕಂದು ಕಾಗದದ ಕಟ್ಟು ನಾಲ್ಕು ದಿನದಿಂದ ಎಲ್ಲರ ಕಣ್ಣೆದುರೇ ಮೇಜಿನ ಮೇಲಿತ್ತು, ಯಾರೂ ಬಿಚ್ಚಿರಲಿಲ್ಲ. ನ್ಯಾಯಾಧೀಶರು ಬಿಚ್ಚಿಸಿದರು. ಗುಮಾಸ್ತರು ಹಳದಿ ಅಂಗಿಯೊಂದನ್ನು ತೆಗೆದು, ಕೊರಳೊಳಗೆ ಬೆರಳು ಹಾಕಲು ನೋಡಿದರು. ಆಗಲಿಲ್ಲ. ಸಣ್ಣ ಸಣ್ಣ, ಅಚ್ಚುಕಟ್ಟಾದ ಹೊಲಿಗೆ. ಎರಡನೆಯದೂ ಹಾಗೆ, ಮೂರನೆಯದೂ ಹಾಗೆ. ನಾಲ್ಕನೆಯದು ಬಿಳಿಯದು, ಮಗು ಕೊನೆಯಲ್ಲಿ ಹಾಕಿಕೊಂಡಿದ್ದದ್ದು. ಅದರ ಕೊರಳು ತೆರೆದಿತ್ತು.

“ಇದನ್ನ ಯಾಕೆ ಬಿಟ್ರಿ?”

“ಬಟ್ಟೆ ತುಂಬಾ ಚೆನ್ನಾಗಿತ್ತು ಸ್ವಾಮಿ. ಸೂಜಿ ಹಾಕೋಕೆ ಮನಸ್ಸು ಬರ್ಲಿಲ್ಲ. ಕೇಳಿದ್ರೆ ಮರೆತೆ ಅನ್ನೋಣ ಅಂತ ನಾಲ್ಕನ್ನೂ ಮಡಚಿ ಕೊಟ್ಟೆ.”

“ಅವರು ಅದರಲ್ಲೇ ಬಂದಿದ್ದು.”

ಯಾರು ಮಾತಾಡಿದ್ದೆಂದು ಮೊದಲು ಯಾರಿಗೂ ತಿಳಿಯಲಿಲ್ಲ. ನಾಲ್ಕು ದಿನದಲ್ಲಿ ಅವಳ ದನಿ ಕೇಳಿದ್ದೇ ಅದು ಮೊದಲು. ಎದ್ದು ನಿಂತಿದ್ದಳು, ದರ್ಜಿಯನ್ನು ನೋಡುತ್ತಿದ್ದಳು. ಮುಖದಲ್ಲಿ ಕೋಪವೇನೂ ಇರಲಿಲ್ಲ.

“ನಿಮ್ಮನ್ನ ಬೈತಿಲ್ಲ ಅಣ್ಣ. ಮೂರು ಸರಿಯಾಗಿ ಮುಚ್ಚಿದ್ರಿ. ಅದೊಂದು ಬಿಟ್ಟೋಗಿತ್ತು, ಅತ್ತೆ ಅದನ್ನೇ ಹಾಕಿದ್ರು. ರಾತ್ರಿ ತೊಟ್ಟಿಲ ಸುತ್ತ ಇರ್ತಿದ್ದೋರು ಕತ್ತಿನ ಹತ್ತಿರದಿಂದ ಒಳಗೆ ಬಂದ್ಬಿಟ್ರು. ಆಮೇಲೆ ಅಳ್ತಿದ್ದದ್ದು ಪಾಪು ಅಲ್ಲ, ಅವರು. ನೀರಲ್ಲಿ ತೊಳೆದ್ರೆ ಬಿಟ್ಟು ಹೋಗ್ತಾರೆ ಅಂದ್ಕೊಂಡೆ.” ಆಮೇಲೆ ಕೇಳಿದಳು, “ಪಾಪು ಈಗ ಅತ್ತೆ ಹತ್ತಿರ ಇದೆ ಅಲ್ವಾ?”

ಹಿಂದಿನ ಸಾಲಿನಲ್ಲಿ ಕೂತಿದ್ದ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸರ್ಕಾರಿ ವಕೀಲರು ತಮ್ಮ ಕಡತ ಮುಚ್ಚಿದರು. ನಾನು ಕೀಲಿಗಳ ಮೇಲೆ ಬೆರಳಿಟ್ಟು ನ್ಯಾಯಾಧೀಶರ ವಾಕ್ಯಕ್ಕೆ ಕಾದೆ.

“ಆಕೆ ಹೇಳಿದ್ದನ್ನ ಹೇಳಿದ ಹಾಗೇ ಟೈಪ್ ಮಾಡಿ,” ಎಂದರು ಕೊನೆಗೆ. “ದರ್ಜಿ ಹೇಳಿದ್ದನ್ನೂ.”

ಅಂದೇ ಮಧ್ಯಾಹ್ನ ಅವಳನ್ನು ಜೈಲಿನಿಂದ ಆಸ್ಪತ್ರೆಗೆ ಸಾಗಿಸಲು ಆದೇಶವಾಯಿತು. ಮೂರು ಜನ ವೈದ್ಯರು ಸೇರಿ ಪರೀಕ್ಷಿಸಬೇಕು, ಅಡ್ಡಗೋಡೆಯ ಡಾಕ್ಟರು ಮತ್ತೆ ಬರಬೇಕು. ತೀರ್ಪು ಬರಲು ಇನ್ನೂ ಐದು ತಿಂಗಳಾಯಿತು, ಬಂದದ್ದು ಆಸ್ಪತ್ರೆಯೆಂದೇ. ನನ್ನನ್ನು ತಮ್ಮ ಕೋಣೆಗೆ ಕರೆಸಿ ನ್ಯಾಯಾಧೀಶರು ಕೇಳಿದ್ದು ಒಂದೇ ಮಾತು, ಎಲ್ಲ ಹೇಳಿಕೆಗಳನ್ನೂ ನೀವು ಓದಿ ಹೇಳುತ್ತೀರಾ ಎಂದು. ಇಲ್ಲ ಎಂದೆ. ಇನ್ನು ಮೇಲೆ ಓದಿ ಎಂದರು.

ದರ್ಜಿಯ ಹೊಸ ಹೇಳಿಕೆ ನಾಲ್ಕು ಪುಟವಾಗಿತ್ತು. ಅದೇ ನಾಲ್ಕನೆಯ ದಿನ ಸಂಜೆ, ನ್ಯಾಯಾಲಯ ಖಾಲಿಯಾದ ಮೇಲೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿದೆ. ಪ್ರತಿ ಸಾಲಿಗೂ ಹೂಂಗುಟ್ಟಿದರು. ಎಲ್ಲ ಸರಿ ಇದೆಯೇ ಎಂದು ಕೇಳಿದೆ.

“ಸರಿ ಇದೆ,” ಎಂದು ಪೆನ್ನು ತೆಗೆದುಕೊಂಡು, ಸಹಿ ಹಾಕದೆ ನನ್ನತ್ತ ತಿರುಗಿದರು. “ಅಮ್ಮಾ, ಒಂದು ಮಾತು. ಆ ಬಿಳಿ ಅಂಗೀನೂ ಹೊಲಿದುಬಿಟ್ಟಿದ್ರೆ ಮಗು ಉಳೀತಿತ್ತಾ?”

ತಲೆ ನೆಟ್ಟಗಿರುವ ಮನುಷ್ಯ ಕೇಳುವ ಪ್ರಶ್ನೆಯೇ ಇದು ಎಂದು ರೇಗಬೇಕೆಂದುಕೊಂಡೆ. ಅವರ ಕಣ್ಣು ನೋಡಿ ಆಗಲಿಲ್ಲ.

“ಹೊಲಿಯೋದಲ್ಲ,” ಎಂದೆ. “ಯಾಕಮ್ಮ ಅಂತ ಕೇಳ್ಬೇಕಿತ್ತು.”

ಹೌದು ಎಂದು ತಲೆಯಾಡಿಸಿ ಅವರು ನಾಲ್ಕು ಪುಟಕ್ಕೂ ಸಹಿ ಹಾಕಿದರು.