ಮರಿಗಳಿಗೆ ಉಪ್ಪು ಬಿಡಿಸುವ ದಿನ

ಚೊಣಕ ಮೀನಿನ ಎರಡು ಸಾವಿರ ಮರಿಗಳನ್ನು ಟೆಂಪೋದಲ್ಲಿ ಹೇರಿಕೊಂಡು ಗುರುಸಿದ್ದ ಕಾರವಾರದಿಂದ ಘಟ್ಟ ಹತ್ತಿ ಖಾನಾಪುರ ಮುಟ್ಟಿದಾಗ ಬೆಳಗಿನ ಎಂಟಾಗಿತ್ತು. ಆ ವಾರದ ಮೂರನೆಯ ಸುತ್ತು ಅದು. ಬೆಳಗಾವಿಯ ಆಟೋ ನಗರದಲ್ಲಿ ಗಾಡಿಗೆ ಮರಿಗಳ ನೀರಿಗೆ ಗಾಳಿಯೂದುವ ಪಂಪು ಕೂಡಿಸಿಕೊಂಡು ಈ ಧಂದೆಗೆ ಇಳಿದ ಮೇಲೆ ನಿದ್ದೆ ಎಂಬುದು ಅವನಿಗೆ ಹಾದಿಬದಿಯ ಅರ್ಧ ತಾಸಿನ ಮಾತಾಗಿತ್ತು.

ಗುರುಸಿದ್ದ ಅತ್ತಿಗೆಯ ಸಲಿಗೆಯಿಂದ ವೈನಿ ಎಂದು ಕರೆಯುವ ಸುಮನ್‌ಳ ಹೊಂಡವೆಂದರೆ ಹಂಚಿನ ಕಾರ್ಖಾನೆಯವರು ಮಣ್ಣು ತೆಗೆದು ಬಿಟ್ಟ ತಗ್ಗು. ಅದರಲ್ಲಿ ಮೀನು ಸಾಕುವುದನ್ನೇ ನಂಬಿ ಆಕೆ ಬೆಳಗಾವಿಯ ನೌಕರಿ ಬಿಟ್ಟು ಬಂದಿದ್ದಳು. ಅದರ ತುಂಬ ಸಿಹಿನೀರು. ಮರಿಗಳೋ ಸಮುದ್ರದ ನೀರಿನಲ್ಲಿ ಬಂದವು. ಒಮ್ಮೆಲೇ ಬಿಟ್ಟರೆ ಸಾಯುತ್ತವೆ. ಪೀಪಾಯಿಯ ಉಪ್ಪುನೀರಿಗೆ ಹೊಂಡದ ನೀರನ್ನು ತಂಬಿಗೆ ತಂಬಿಗೆಯಾಗಿ ಬೆರೆಸುತ್ತ, ದಿನವಿಡೀ ಕೂತು ಅವಕ್ಕೆ ಉಪ್ಪು ಬಿಡಿಸಬೇಕು. ಗುರುಸಿದ್ದ ಇದಕ್ಕೆ ಗಡಿಯಾರ ನೋಡುವವನಲ್ಲ. ಒಂದು ವಚನ ಮುಗಿದರೆ ಒಂದು ತಂಬಿಗೆ. ಅವ್ವನ ಬಾಯಿಂದ ಕೇಳಿ ಕಲಿತ ವಚನಗಳು ಅವು. ಆಕೆ ಒಂದೊಂದರ ಕೊನೆಗೂ ಕಣ್ಣು ಮುಚ್ಚಿ ನಾಲ್ಕು ಉಸಿರು ಸುಮ್ಮನಿರುತ್ತಿದ್ದಳು. ಆ ಸುಮ್ಮನಿರುವುದೂ ಅವನ ಅಳತೆಯೊಳಗೇ ಸೇರಿತ್ತು.

"ಮರಿಗಳಿಗೆ ಲಿಂಗದೀಕ್ಷಾ ಕೊಡಾಕತ್ತೀರೇನ, ಗುರುಸಿದ್ದಣ್ಣಾ?" ಎಂದು ವೈನಿ ನಕ್ಕು ಒಳಗೆ ಹೋದಳು.

ಮಧ್ಯಾಹ್ನದ ಹೊತ್ತಿಗೆ ನಾಲಿಗೆ ತನ್ನಷ್ಟಕ್ಕೆ ತಾನೇ ಓಡತೊಡಗಿತ್ತು. ಉಸಿರು ಬಿಡುವ ಜಾಗಗಳು ಒಂದೊಂದಾಗಿ ಉದುರಿಹೋದದ್ದು ಅವನಿಗೆ ತಿಳಿಯಲಿಲ್ಲ. ಸಂಜೆ ಐದಕ್ಕೆ ಮುಗಿಯಬೇಕಾದ ಕೆಲಸ ಎರಡಕ್ಕೇ ಮುಗಿಯಿತು. ಚಹಾ ತಂದ ವೈನಿ, ಇಷ್ಟು ಲಗೂನ ಆತೇನು ಎಂದು ಕೇಳಿದಾಗಲೇ ಅವನು ಬಗ್ಗಿ ನೋಡಿದ್ದು. ಮರಿಗಳು ಮಗ್ಗುಲಾಗಿ ತೇಲುತ್ತಿದ್ದವು.

ತೆಗೆದಿಟ್ಟಿದ್ದ ಒಂದು ಕ್ಯಾನು ಸಮುದ್ರದ ನೀರನ್ನು ಸಣ್ಣ ಧಾರೆಯಾಗಿ ಒಳಗೆ ಬಿಟ್ಟ. ಹೊತ್ತು ಇಳಿಯುವ ವೇಳೆಗೆ ಅರ್ಧದಷ್ಟು ಮರಿಗಳು ನೆಟ್ಟಗಾಗಿ ಗಾಳಿಗುಳ್ಳೆಗಳ ಸುತ್ತ ಸೇರಿಕೊಂಡವು. ಉಳಿದವನ್ನು ಗುರುಸಿದ್ದ ಬಲೆಯಿಂದ ಎತ್ತಿದ.

"ತಪ್ಪು ನಂದ ಐತ್ರಿ, ವೈನಿ. ಬಾಯಿ ನಡದಿತ್ತು, ಮನಸ ಮಲಗಿತ್ತು."

ವೈನಿ ಬಲೆಯತ್ತ ನೋಡಿದಳು. "ಉಳದವು ದೊಡ್ಡವಾಗಿ ಇಲ್ಲೇ ತತ್ತಿ ಇಟ್ರ, ಹೋದಷ್ಟು ತುಂಬತಾವಲಾ?"

ಹೌದೆಂದುಬಿಟ್ಟರೆ ಆಕೆಗೆ ಇವತ್ತಿನ ಮಟ್ಟಿಗೆ ಸಮಾಧಾನವಾಗುತ್ತಿತ್ತು.

"ಇಲ್ರಿ. ಇವು ಹುಟ್ಟೂದು ಉಪ್ಪುನೀರಾಗ, ಬೆಳಿಯೂದು ಸಿಹಿನೀರಾಗ. ಪ್ರಾಯಕ್ಕ ಬಂದಮ್ಯಾಲೆ ತತ್ತಿ ಇಡಾಕ ಹೊಳಿ ಹಿಡದು ಮತ್ತ ಸಮುದ್ರಕ್ಕ ಇಳೀತಾವು. ಇಲ್ಲಿಂದ ಎಲ್ಲಿಗಿ ಇಳೀತಾವ್ರಿ?"

"ಅಂದ್ರ ಹೊಸಾ ಮರಿ ಬೇಕಂದ್ರ ಪ್ರತಿಸಲಾನೂ ನೀವ ತರಬೇಕು."

"ಹೂನ್ರಿ. ನೀವು ಕರದ್ರ."

ಅವನು ಮತ್ತೆ ಹೊಂಡದ ನೀರನ್ನು ತಂಬಿಗೆಗೆ ತುಂಬಿದಾಗ ವೈನಿ ಅದನ್ನು ಇಸಿದುಕೊಂಡಳು.

"ಇವತ್ತ ಸಾಕು. ಉಪ್ಪಿನ್ಯಾಗ ಇರಲಿ ಅವು. ನೀವು ಮೊದಲ ಮಕ್ಕೋರಿ."

ಕಟ್ಟೆಯ ಮೇಲೆ ಚೀಲ ಹಾಸಿಕೊಂಡು ಗುರುಸಿದ್ದ ಒರಗಿದ. ವೈನಿ ಪಂಪಿನ ಬಾಜು ಕುರ್ಚಿ ಎಳೆದುಕೊಂಡು ಮರಿಗಳನ್ನು ಕಾಯುತ್ತ ಕೂತಳು. ಅವನಿಗೆ ನಿದ್ದೆ ಹತ್ತಿದ ಮೇಲೂ ಬಲಗೈ ತಂಬಿಗೆ ಹಿಡಿದಂತೆ ಮಡಚಿಕೊಂಡೇ ಇತ್ತು.