ಯಾರೂ ಮನೆಗೆ ಒಯ್ಯದ ಕುಂಬಳಕಾಯಿ

ನಾನೊಂದು ಸಿಹಿಕುಂಬಳಕಾಯಿ. ನಗಬೇಡಿ. ಕುಂಬಳಕಾಯಿಗೆ ಎಂಥ ಆತ್ಮಕಥೆ, ಸಾಂಬಾರಿಗೆ ಬಿದ್ದರೆ ಮುಗಿಯಿತು ಎನ್ನುವವರು ನನ್ನ ಕಥೆ ಕೇಳಿ ಆಮೇಲೆ ಮಾತಾಡಲಿ.

ನನ್ನ ಬೀಜವನ್ನು ಮಣ್ಣಿಗೆ ಹಾಕಿದವಳು ಹತ್ತು ವರ್ಷದ ಜೆಮೀಮಾ. ಮನೆಯವರ ಬಾಯಲ್ಲಿ ಮೀಮು. ಅವಳಿಗೆ ಆಗಾಗ ಫಿಟ್ಸ್ ಬರುತ್ತಿತ್ತು. ಹಾಗಾಗಿ ಬಾವಿಕಟ್ಟೆಗೆ ಹೋಗಬೇಡ, ಒಲೆ ಹತ್ತಿರ ಸುಳಿಯಬೇಡ, ಕತ್ತಿಯನ್ನಂತೂ ಮುಟ್ಟಲೇಬೇಡ. ಅವಳ ಪಾಲಿಗೆ ಉಳಿದದ್ದು ಹಿತ್ತಲಿನ ಮಣ್ಣು ಮಾತ್ರ. ದಿನಾ ಬಂದು ನನ್ನನ್ನು ತಟ್ಟಿ, "ಎಷ್ಟು ದಪ್ಪ ಆಗಿದ್ದಿ ಮಾರಾಯ!" ಎನ್ನುತ್ತಿದ್ದಳು. ನಾನು ಉಬ್ಬಿಹೋಗುತ್ತಿದ್ದೆ. ನನ್ನ ಗಾತ್ರಕ್ಕೆ ಗೊಬ್ಬರಕ್ಕಿಂತ ಆ ಹೊಗಳಿಕೆಯೇ ಕಾರಣವೆಂದು ಈಗಲೂ ನಂಬಿದ್ದೇನೆ.

ಒಂದು ಬೆಳಿಗ್ಗೆ ಅವಳು ನನ್ನ ಬಳ್ಳಿಯ ಮೇಲೆಯೇ ಬಿದ್ದಳು. ಕೈಕಾಲು ಸೆಟೆದು ಅದುರತೊಡಗಿದವು. ಪಕ್ಕದ ಮನೆಯ ಲೀಲಕ್ಕ ಬೀಗದ ಕೈಗೊಂಚಲು ಹಿಡಿದು ಓಡಿಬಂದರು.

"ಕಬ್ಬಿಣ ಬೇಡ ಲೀಲಕ್ಕ, ಮಗ್ಗುಲಿಗೆ ಮಲಗಿಸಿದ್ರೆ ಸಾಕು" ಎನ್ನುತ್ತಾ ತಾಯಿ ಸುಗುಣಾ ಮಗಳನ್ನು ಹೊರಳಿಸಿ, ಅದುರುವುದು ನಿಲ್ಲುವವರೆಗೆ ಪಕ್ಕದಲ್ಲೇ ಕೂತಳು. ಗಂಡ ತೀರಿಹೋದ ಮೇಲೆ ಹೊಲಿಗೆ ಮಾಡಿ ಮನೆ ನಡೆಸುತ್ತಿದ್ದವಳು ಅವಳು. ಮೀಮು ನಿದ್ದೆಹೋದ ಮೇಲೆ ಲೀಲಕ್ಕನೊಡನೆ ಹೇಳಿದಳು: "ಮಾತ್ರೆ ಇನ್ನು ನಾಟುವುದಿಲ್ಲಂತೆ. ಮೆದುಳಿನ ಆಪರೇಷನ್ ಮಾಡಿದ್ರೆ ಗುಣ ಆಗ್ಬಹುದು ಅಂತಾರೆ. ಅಷ್ಟು ಹಣ ನಾನೆಲ್ಲಿಂದ ತರ್ಲಿ?"

ನಮ್ಮ ಚರ್ಚಿನಲ್ಲಿ ಬೆಳೆ ಹಬ್ಬದ ದಿನ ಜನ ತಂದ ಹಣ್ಣು ತರಕಾರಿಗಳನ್ನು ಏಲಂ ಹಾಕುವ ವಾಡಿಕೆಯುಂಟು. ಆ ವರ್ಷದ ಹಣ ಮೀಮುವಿನ ಆಪರೇಷನ್ನಿಗೆ ಎಂದು ಸಭೆಯವರು ನಿಶ್ಚಯಿಸಿದರು. ಬರಿಗೈಯಲ್ಲಿ ಹೋಗಲು ಸುಗುಣಾಳ ಮನಸ್ಸು ಒಪ್ಪಲಿಲ್ಲ. ನನ್ನನ್ನು ಕೊಯ್ದು ಹೊತ್ತೊಯ್ದಳು.

ಏಲಂ ಕೂಗುವ ಪ್ರಭುದಾಸಣ್ಣ ನನ್ನನ್ನು ಮೇಜಿನ ಮೇಲೆ ಕೂರಿಸಿದರು. ಮೊದಲು ನನ್ನನ್ನು ಕೊಂಡವರು ಎಲಿಯಾಸ್ ಮೇಷ್ಟ್ರು. ಹಣ ಕೊಟ್ಟವರೇ, "ನಾನು ಒಂಟಿ ಜೀವ, ಇದನ್ನು ತಿಂದು ಮುಗಿಸುವುದು ಯಾವಾಗ ಮಾರಾಯ್ರೆ? ಪುನಃ ಏಲಂಗೆ ಇಡಿ" ಎಂದರು. ನನಗೆ ಮುಖಭಂಗವಾಯಿತು. ಆಮೇಲೆ ಮೀನು ಮಾರುವ ರೋಸಕ್ಕ ಇನ್ನೂ ಹೆಚ್ಚಿಗೆ ಕೂಗಿ ಗೆದ್ದರು. "ನಮ್ಮಲ್ಲಿ ಕುಂಬಳ ಯಾರೂ ಮೂಸಿಯೂ ನೋಡುದಿಲ್ಲ. ಅಲ್ಲೇ ಇರ್ಲಿ" ಎಂದರು. ಬೇಕರಿ ಸಾಹುಕಾರರ ಕಾರಿನಲ್ಲಿ ಜಾಗವಿಲ್ಲವಂತೆ! ಒಬ್ಬರಿಗೆ ವಾಯು, ಇನ್ನೊಬ್ಬರಿಗೆ ಪ್ರಯಾಣ. ಕೊಳ್ಳುವವರೆಲ್ಲ ದುಡ್ಡು ಸುರಿದು ನನ್ನನ್ನು ಅಲ್ಲೇ ಬಿಟ್ಟರು. ಇಷ್ಟು ಚೆಂದದ ನನ್ನನ್ನು ಒಯ್ಯುವವರೇ ಇಲ್ಲವೇ ಎಂದು ನನಗೆ ಅಳು ಬಂತು. ಆಗ ರೋಸಕ್ಕ ಎರಡನೆಯ ಸಲ ಕೂಗಿದರು. ಕುಂಬಳ ಮೂಸದ ಮನೆಯವರು! ನನ್ನ ದಪ್ಪ ತಲೆಗೆ ವಿಷಯ ಹೊಳೆದದ್ದು ಆಗಲೇ.

ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ ಸುಗುಣಾ ಎದ್ದು ನಿಂತಳು. "ಐವತ್ತು ರೂಪಾಯಿ" ಎಂದಳು. "ನಂಗೂ ಕೊಡ್ಲಿಕ್ಕುಂಟು."

ಅಷ್ಟು ಹೊತ್ತು ಪೈಪೋಟಿಯಲ್ಲಿ ಕೂಗುತ್ತಿದ್ದವರೆಲ್ಲ ಬಾಯಿಗೆ ಬೀಗ ಹಾಕಿಕೊಂಡರು. ಪ್ರಭುದಾಸಣ್ಣ ಯಾರ ಮುಖವನ್ನೂ ನೋಡದೆ, "ಒಂದು ಸಲ, ಎರಡು ಸಲ, ಮೂರು ಸಲ!" ಎಂದು ಒಂದೇ ಉಸಿರಿಗೆ ಮುಗಿಸಿಬಿಟ್ಟರು. ನಾನು ಮೀಮುವಿನ ತೊಡೆಯ ಮೇಲೆ ಕೂತು ಆಟೋದಲ್ಲಿ ಮನೆಗೆ ಬಂದೆ.

ಕಡಿಮೆ ಬಿದ್ದ ಹಣವನ್ನು ಅವಳ ಶಾಲೆಯವರು ಕೂಡಿಸಿದರು. ಆಪರೇಷನ್ ಆಯಿತು. ಮೀಮು ಬೋಳುತಲೆಯಲ್ಲಿ ಮರಳಿ ಬಂದು, ಅಡುಗೆಮನೆಯ ಮೂಲೆಯಲ್ಲಿದ್ದ ನನಗೆ ಹೊಲಿಗೆಯ ಗುರುತು ತೋರಿಸಿದಳು. "ನೋಡು, ನಿನ್ನ ಹಾಗೇ ನಂಗೂ ಗೆರೆ ಬಿದ್ದಿದೆ."

ತಿಂಗಳುಗಳು ಕಳೆದವು. ಫಿಟ್ಸ್ ಬರಲಿಲ್ಲ. ಅವಳ ತಲೆಯಲ್ಲಿ ಕೂದಲು ಬೆಳೆಯಿತು, ನನ್ನ ತೊಟ್ಟು ಒಣಗಿತು. ಸುಗುಣಾ ನನ್ನನ್ನು ಕೊಯ್ಯಲು ಎಷ್ಟೋ ಸಲ ಬಂದು, ಸವರಿ, ಹಾಗೇ ಹೋದಳು. ಯಾಕೆಂದು ನನಗೆ ಗೊತ್ತಾದದ್ದು ಇವತ್ತು, ಈಸ್ಟರ್ ಹಬ್ಬದ ದಿನ. ಮೊನ್ನೆ ಡಾಕ್ಟರು, ಇನ್ನು ಸಣ್ಣಪುಟ್ಟ ಕೆಲಸ ಮಾಡಲಿ ಎಂದರಂತೆ.

"ಮೀಮೂ, ಕತ್ತಿ ತಾ. ನೀನೇ ಕೊಯ್ಯಿ."

"ನಾನಾ?"

ಕತ್ತಿ ಕಂಡರೆ ಯಾವ ಕುಂಬಳಕಾಯಿಗೂ ಖುಷಿಯಾಗುವುದಿಲ್ಲ. ನನಗೆ ಆಗಿದೆ. ಸುಗುಣಾ ಪಕ್ಕದಲ್ಲೇ ಕೂತಿದ್ದಾಳೆ, ಮೀಮುವಿನ ಕೈ ನೆಟ್ಟಗಿದೆ. ಕೊಯ್ಯಿ ಮಗಳೇ. ನಾನು ಅಲುಗಾಡದೆ ಕೂತಿರುತ್ತೇನೆ.