ಮೂರು ಬೆರಳು ಗಿಡ್ಡ

ಸೊಂಟಕ್ಕೆ ಸೊಂಟ ಕೂಡುತ್ತಿಲ್ಲ, ಕೊರಳ ಸುತ್ತು ಸರಿಯಾಗಿ ಕೂತಿದೆ, ಹೆಗಲು ಹೆಗಲಿಗೆ ಬಂದಿದೆ, ಅಲ್ಲಿಂದ ಕೆಳಗೆ ಅಂಗೈಯಲ್ಲಿ ಸವರಿಕೊಂಡು ಹೋದರೆ ಲೈನಿಂಗಿನ ಸೊಂಟ ಮೂರು ಬೆರಳು ಮೇಲೆಯೇ ನಿಂತುಬಿಡುತ್ತದೆ, ಮೇಲ್ಬಟ್ಟೆಯ ಸೊಂಟ ತನ್ನ ಪಾಡಿಗೆ ತಾನು ಕೆಳಗಿದೆ — ವೆಲಿಕಾ ಗುಂಡುಸೂಜಿಗಳನ್ನು ಕಿತ್ತು ಇನ್ನೊಮ್ಮೆ ಚುಚ್ಚಿದಳು, ಕಣ್ಣಿನ ತಪ್ಪಿರಬೇಕು, ಐವತ್ತೊಂಬತ್ತರ ಕಣ್ಣು, ಅದರ ಮೇಲೆ ಈ ಹೊಗೆ ಬೇರೆ, ಕೆಳಗಿನ ಮನೆಯವರು ಬೆಳಗಿನಿಂದ ಬಾಲ್ಕನಿಯಲ್ಲಿ ದೊಣ್ಣೆ ಮೆಣಸಿನಕಾಯಿ ಸುಡುತ್ತಿದ್ದಾರೆ, ಸೆಪ್ಟೆಂಬರ್ ಬಂತೆಂದರೆ ಈ ಸ್ಲಿವೆನ್ ಊರಲ್ಲಿ ಮೆಣಸಿನಕಾಯಿ ಸುಡದ ಮನೆಯಿಲ್ಲ, ಕಿಟಕಿ ಮುಚ್ಚಿದರೆ ಸೆಕೆ, ತೆಗೆದರೆ ಬಟ್ಟೆಗೆ ವಾಸನೆ, ಮದುವೆಗೆ ತೊಡುವ ಉಡುಪು ಹೊಗೆ ನಾತ ಹೊಡೆದರೆ ದೋನ್ಕಾ ಬಿಡುತ್ತಾಳೆಯೇ, ಏನೇ ವೆಲಿಕಾ, ನನ್ನ ಮಗನ ಮದುವೆಗೆ ನನ್ನನ್ನೇ ಉಪ್ಪಿನಕಾಯಿ ಹಾಕಿ ಕಳಿಸಿದ್ದೀಯಾ ಅನ್ನುತ್ತಾಳೆ, ಅವಳ ಬಾಯಿ ಗೊತ್ತಿದ್ದದ್ದೇ — ಎರಡು ಗಂಟೆ ಆಯಿತು, ಐದಕ್ಕೆ ಸೋಫಿಯಾ ಬಸ್ಸು, ಡ್ರೈವರ್ ಕೈಗೆ ಪೊಟ್ಟಣ ಕೊಟ್ಟರೆ ಅಲ್ಲಿ ದೋನ್ಕಾ ಬಂದು ಇಳಿಸಿಕೊಳ್ಳುತ್ತಾಳೆ, ಇವತ್ತು ಗುರುವಾರ, ನಾಳೆಯೇ ತೊಟ್ಟು ನೋಡಬೇಕಂತೆ ಅವಳಿಗೆ, ಭಾನುವಾರ ಮದುವೆ, ಈ ದರಿದ್ರ ಲೈನಿಂಗು ನೋಡಿದರೆ ಮತ್ತೆ ಮೂರು ಬೆರಳು ಮೇಲೆ. ತೋಳಿಲ್ಲದ, ಮೈಗೊಪ್ಪುವ, ನೇರವಾಗಿ ಇಳಿಯುವ ಉಡುಪು, ಇದರಲ್ಲಿ ಮುಚ್ಚಿಡಲು ನೆರಿಗೆಯಿಲ್ಲ, ಮಡಿಕೆಯಿಲ್ಲ, ಒಳಗಿನದು ಗಿಡ್ಡವಾದರೆ ಹೊರಗಿನದನ್ನು ಹಿಡಿದು ಎಳೆಯುತ್ತದೆ, ಕೈ ಎತ್ತಿದರೆ ಹೊಲಿಗೆ ಬಿಡುತ್ತದೆ.

ತಪ್ಪು ಎಲ್ಲಿ, ಟೇಪು ತಗೋ, ಅಳೆ, ಬೆನ್ನಿನ ಉದ್ದ, ಕತ್ತಿನ ಹಿಂದಿನ ಮೂಳೆಯಿಂದ ಸೊಂಟದವರೆಗೆ, ಮೇಲ್ಬಟ್ಟೆ ನಲವತ್ತೆರಡು ಸೆಂಟಿಮೀಟರ್, ದೋನ್ಕಾ ಕಳಿಸಿದ ಚೀಟಿಯಲ್ಲೂ ನಲವತ್ತೆರಡು, ಸರಿಯೇ ಇದೆ, ಲೈನಿಂಗು ಮೂವತ್ತೇಳು, ಹಾಗಾದರೆ ಲೈನಿಂಗೇ ಕಳ್ಳ — ಲೈನಿಂಗಿಗೆಂದು ಯಾರು ಹೊಸ ಕಾಗದ ಕತ್ತರಿಸುತ್ತಾರೆ, ಬೀರುವಿನ ಹಿಂದೆ ದೋನ್ಕಾಳ ಅಳತೆಯ ಕಾಗದ ಇದ್ದೇ ಇದೆ, ಮೂವತ್ತು ವರ್ಷದ ಕಂದು ಕಾಗದ, ಮೂಲೆಯಲ್ಲಿ ಎಣ್ಣೆ ಕಲೆ, ಅದನ್ನು ಹಾಸಿಕೊಂಡು ಅವಳಿಗೆ ಎಷ್ಟು ಹೊಲಿದಿಲ್ಲ, ಅವಳ ಮಗ ಯಾವೋರ್ ಕೂಸಾಗಿದ್ದಾಗ ಇಗರ್ಜಿಯಲ್ಲಿ ನೀರಿಗೆ ಅದ್ದಿ ಹೆಸರಿಟ್ಟ ದಿನದ ನೀಲಿಯದು, ಅವನು ಶಾಲೆ ಮುಗಿಸಿದಾಗ ಇನ್ನೊಂದು ನೀಲಿಯದು, ಎರಡು ವರ್ಷದ ಹಿಂದೆ ವೆಲಿಕಾಳ ಗಂಡ ರುಸಿಯ ಮಣ್ಣಿಗೆ ಬಂದಾಗ ತೊಟ್ಟ ಕಪ್ಪು, ಅದನ್ನೂ ಗಂಡ ಸತ್ತ ವೆಲಿಕಾಳೇ ಹೊಲಿದು ಕೊಟ್ಟದ್ದು — ಹನ್ನೆರಡು ಕಿಲೋ ಇಳಿದಿದ್ದೀನಿ ಕಣೇ ಅಂದಳು ದೋನ್ಕಾ ಫೋನಿನಲ್ಲಿ, ನಿನ್ನ ಹಳೇ ಅಳತೆ ನಂಬಬೇಡ, ಚೀಟೀಲಿ ಬರೆದು ಕಳಿಸ್ತೀನಿ, ಅದನ್ನೇ ನೋಡಿ ಕತ್ತರಿಸು, ನನಗೆ ಬಂದು ಹೋಗೋಕೆ ಪುರುಸೊತ್ತಿಲ್ಲ, ಎರಡು ತಿಂಗಳಿಂದ ಮಗನ ಮನೇಲೇ ಬಿದ್ದಿದ್ದೀನಿ — ಬಟ್ಟೆ, ಚೀಟಿ ಎರಡೂ ಬಸ್ಸಿನವನ ಕೈಯಲ್ಲಿ ಬಂದವು, ವೆಲಿಕಾ ಚೀಟಿ ನೋಡಿ ಕತ್ತರಿಸಿದಳು, ಯೋಚನೆ ಮಾಡಲಿಲ್ಲ, ಇಪ್ಪತ್ತೆರಡು ವರ್ಷ ಗಿರಣಿಯಲ್ಲಿ ಮಗ್ಗಕ್ಕೆ ತೂಗುಹಾಕಿದ ಚೀಟಿ ಹೇಳಿದಷ್ಟನ್ನೇ ನೇಯ್ದವಳು, ಚೀಟಿಯನ್ನು ಪ್ರಶ್ನೆ ಮಾಡುವುದು ಮೇಸ್ತ್ರಿಯ ಕೆಲಸ, ನೇಯುವವಳದ್ದಲ್ಲ, ಪಕ್ಕದ ಮಗ್ಗದಲ್ಲಿ ದೋನ್ಕಾಳೂ ಹಾಗೆಯೇ ನೇಯುತ್ತಿದ್ದಳು, ಕೈಗೆ ಚೀಟಿ ಕೊಟ್ಟರೆ ವೆಲಿಕಾಳ ತಲೆ ನಿಲ್ಲುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಒಳಗಿನದಕ್ಕೆ ಮಾತ್ರ ಚೀಟಿ ನೋಡಲಿಲ್ಲ, ಹಳೇ ಕಾಗದವನ್ನೇ ಹಾಸಿ ಎರಡೂ ಪಕ್ಕ ಒಂದಿಷ್ಟು ಒಳಗೆ ಹಿಡಿದಳು, ಇಳಿದಿದ್ದಾಳಲ್ಲ ಪಾಪ — ಇಳಿದರೆ ಸೊಂಟ ಇಳಿಯಲಿ, ಎದೆ ಇಳಿಯಲಿ, ಬೆನ್ನು ಉದ್ದವಾಗುತ್ತದೆಯೇ, ಐವತ್ತೆಂಟರಲ್ಲಿ ಯಾರಾದರೂ ಬೆಳೆಯುತ್ತಾರೆಯೇ.

ಮೊದಲು ನಗು ಬಂತು, ಬರೆಯುವಾಗ ಕನ್ನಡಕ ಎಲ್ಲೋ ಇಟ್ಟಿರುತ್ತಾಳೆ ಮುದುಕಿ, ಫೋನ್ ಮಾಡಿ ನಾಲ್ಕು ಬೈಯೋಣ ಎಂದು ಕೈ ಚಾಚಿದಳು, ಫೋನು ಜಿಪ್ಪಿನ ಪೊಟ್ಟಣದ ಕೆಳಗಿತ್ತು, ಉದ್ದನೆಯ ಜಿಪ್ಪು, ಬೆನ್ನಿಗೆ ಹಾಕುವಂಥದ್ದು, ಕೈ ಅಲ್ಲಿಯೇ ನಿಂತಿತು — ಈ ಸಲ ಜಿಪ್ಪು ಬೆನ್ನಲ್ಲಿರಲಿ ಅಂದಿದ್ದಳು ದೋನ್ಕಾ, ಬೆನ್ನಲ್ಲೇನೇ, ನಿನಗೆ ಎಳೆಯೋಕೆ ಆಗುತ್ತಾ ಅಂದರೆ, ಎಳೆಯೋಕೆ ಜನ ಇರ್ತಾರೆ ಬಿಡೇ, ಮದುವೆ ಮನೆ ಅಂದಳು, ಆಗಲೂ ಯೋಚನೆ ಮಾಡಲಿಲ್ಲ — ಮೂವತ್ತು ವರ್ಷದಲ್ಲಿ ದೋನ್ಕಾಳ ಒಂದು ಉಡುಪಿಗೂ ಬೆನ್ನಲ್ಲಿ ಜಿಪ್ಪು ಹಾಕಿಲ್ಲ, ಎಡ ಪಕ್ಕದಲ್ಲಿ ಹಾಕುವುದು, ಅದೂ ದೊಡ್ಡ ನಾಲಿಗೆಯದು, ಯಾಕೆಂದರೆ ಬಲಗೈಯ ತೋರುಬೆರಳು ಮೋಟು, ಮೇಲಿನ ಗೆಣ್ಣು ಮಗ್ಗದ ಪಾಲಾಯಿತು, ಆವತ್ತು ತನ್ನ ತಲೆವಸ್ತ್ರ ಬಿಚ್ಚಿ ಆ ಬೆರಳಿಗೆ ಸುತ್ತಿ, ಆಸ್ಪತ್ರೆಯವರೆಗೆ ಅವಳ ಮುಷ್ಟಿಯನ್ನು ಬಿಡದೆ ಹಿಡಿದು ಓಡಿದವಳು ವೆಲಿಕಾ, ರಕ್ತ ಮೊಣಕೈವರೆಗೆ ಇಳಿದಿತ್ತು, ದೋನ್ಕಾ ಅಳುತ್ತಾ ನಗುತ್ತಿದ್ದಳು, ಇನ್ನು ನನ್ನ ಗಂಡನಿಗೆ ಬೆರಳು ತೋರಿಸಿ ಬೈಯೋಕೂ ಆಗಲ್ಲವಲ್ಲೇ ಅನ್ನುತ್ತಿದ್ದಳು — ಆ ಮೋಟು ಬೆರಳು ಬೆನ್ನ ಹಿಂದಿನ ಜಿಪ್ಪನ್ನು ಹಿಡಿಯಲಾರದು, ಸಣ್ಣ ನಾಲಿಗೆ ಸಿಕ್ಕರೂ ಜಾರುತ್ತದೆ. ಬಟ್ಟೆಯ ಬಣ್ಣವನ್ನಾದರೂ ನೋಡಬೇಕಿತ್ತು, ಕಪ್ಪಿಗೆ ತಿರುಗಿದ ಚೆರ್ರಿ ಹಣ್ಣಿನ ಬಣ್ಣ, ಜೀವನವಿಡೀ ನೀಲಿ ಬಿಟ್ಟು ಬೇರೆ ಉಡದವಳು, ಇದ್ಯಾಕೆ ಅಂದರೆ ಸೋಫಿಯಾದಲ್ಲಿ ಈಗ ಇದೇ ಕಣೇ ಅಂದಳು, ಆಯಿತು ಸೋಫಿಯಾದವರೇ — ಇದು ದೋನ್ಕಾಳ ಉಡುಪಲ್ಲ. ಲೈನಿಂಗು ದೋನ್ಕಾ, ಮೇಲ್ಬಟ್ಟೆ ಇನ್ಯಾರೋ.

ಯಾರು, ಮದುಮಗಳೇ, ಅವಳು ಗುಬ್ಬಿಯಷ್ಟಿದ್ದಾಳೆ, ಬೆನ್ನು ಮೂವತ್ತಾರು ದಾಟುವುದಿಲ್ಲ — ಈಸ್ಟರ್‌ಗೆ ಬಂದಾಗ ಯಾವೋರ್ ತನ್ನ ಫೋನಿನಲ್ಲಿ ತೋರಿಸಿದ್ದ, ನೋಡು ಕೂಮಾ, ಧರ್ಮತಾಯಿಯನ್ನು ಅವನು ಕರೆಯುವುದೇ ಹಾಗೆ, ಇದು ನಮ್ಮ ಹಲ್ಲಿನ ದವಾಖಾನೆಯವರೆಲ್ಲ, ಹಿಂದೆ ಎಲ್ಲರಿಗಿಂತ ಒಂದು ತಲೆ ಎತ್ತರಕ್ಕೆ ನಿಂತಿದ್ದಾರಲ್ಲ, ಅವರೇ ನಮ್ಮ ಒಡತಿ, ಡಾಕ್ಟರ್ ಇಸ್ಕ್ರಾ, ಪಕ್ಕದಲ್ಲಿ ಗಂಡ, ಮೂರು ಮಕ್ಕಳು, ತುಂಬಿದ ಮನೆ — ಎತ್ತರದ ಹೆಂಗಸು, ಗಂಡ ಇರುವ ಹೆಂಗಸು — ವೆಲಿಕಾ ಕುರ್ಚಿ ಎಳೆದು ಕೂತಳು, ಮಡಿಲಲ್ಲಿ ಲೈನಿಂಗು ಜಾರಿ ಜಾರಿ ಬೀಳುತ್ತದೆ, ಹೋದ ವರ್ಷ ಯಾರದೋ ಮದುವೆಯ ಮಾತು ಬಂದಾಗ ದೋನ್ಕಾ ಇದೇ ಮೇಜಿನ ಮುಂದೆ ಕಾಫಿ ಕುಡಿಯುತ್ತಾ ಹೇಳಿದ್ದಳು, ಮದುವೇಲಿ ಕಿರೀಟ ಹಿಡಿಯೋ ಕೂಮಾ ಅಂದರೆ ಜೋಡಿ ಇರಬೇಕಮ್ಮ, ಒಂಟಿ ಕೈಯಿಂದ ಕಿರೀಟ ಇಡಿಸಿಕೊಂಡರೆ ಒಂಟಿ ಬಾಳೇ ಆಗುತ್ತಂತೆ, ಹೇಳಿದವಳು ನಾಲಿಗೆ ಕಚ್ಚಿಕೊಂಡು ಬಿಸ್ಕತ್ತು ಮುರಿದಿದ್ದಳು, ವೆಲಿಕಾಳೇ ಪಾಪ ಎಂದು ಮಾತು ಬದಲಿಸಿದ್ದಳು. ಮೂರು ತಲೆಮಾರಿನಿಂದ ದೋನ್ಕಾಳ ಗಂಡನ ಮನೆಯ ಮದುವೆಗಳಲ್ಲಿ ವಧೂವರರ ತಲೆಗೆ ಕಿರೀಟ ಹಿಡಿದವರು ರುಸಿಯ ಮನೆಯವರೇ, ದೋನ್ಕಾಳಿಗೂ ಹಿಡಿದದ್ದು ರುಸಿ ಮತ್ತು ವೆಲಿಕಾ, ಅವಳ ಕೂಸನ್ನು ನೀರಿನಿಂದ ಎತ್ತಿಕೊಂಡದ್ದು ವೆಲಿಕಾಳ ಈ ಎರಡು ಕೈ, ಮಕ್ಕಳಿಲ್ಲದ ಕೈ, ಆವತ್ತಿನಿಂದ ಯಾವೋರ್‌ಗೆ ಇವಳು ಕೂಮಾ, ಕೂಮಾ ಅಂದರೆ ಹೆತ್ತವಳಿಗಿಂತ ಅರ್ಧ ಮೆಟ್ಟಿಲು ಮೇಲೆ, ಅವಳು ಬಂದು ನಿಲ್ಲುವವರೆಗೆ ಪಾದ್ರಿಯೂ ಬಾಯಿ ತೆರೆಯುವಂತಿಲ್ಲ, ಬೀರುವಿನಲ್ಲಿ ಬಿಳಿ ರಿಬ್ಬನ್ನಿನ ಎರಡು ಉದ್ದ ಮೇಣದಬತ್ತಿ ತಂದಿಟ್ಟು ತಿಂಗಳಾಯಿತು, ವಾಡಿಕೆಯಂತೆ ರೊಟ್ಟಿ ವೈನು ಹಿಡಿದು ಕೂಮಾಳನ್ನು ಕರೆಯಲು ಬರಬೇಕಾದ ದೋನ್ಕಾ ಬರಲಿಲ್ಲ, ಶನಿವಾರ ನೀನು ಸೋಫಿಯಾಕ್ಕೆ ಬಂದಾಗಲೇ ಕೊಟ್ಟರಾಯ್ತು, ನಾವೇನು ಹೊರಗಿನವರಾ ಅಂದಳು, ಮೂಗಿಗೆ ತುಪ್ಪ ಸವರಿದಳು, ವಾಸನೆಗೇ ವೆಲಿಕಾ ಹಿಗ್ಗಿದಳು.

ಅಷ್ಟೇ ಆಗಿದ್ದರೆ ಆಗಲಿ, ಕೂಮಾಳನ್ನು ಬದಲಿಸಿದವರು ಊರಲ್ಲಿ ಇವರೇ ಮೊದಲಲ್ಲ — ಆದರೆ ಉಡುಪು ಯಾಕೆ, ಸೋಫಿಯಾದಲ್ಲಿ ದರ್ಜಿಗಳಿಲ್ಲವೇ, ಇಸ್ಕ್ರಾಳಂಥವಳಿಗೆ ಅಂಗಡಿಗಳಿಲ್ಲವೇ — ಯಾಕೆಂದು ಅವಳಿಗೆ ಗೊತ್ತು, ಗೊತ್ತಿಲ್ಲದ ಹಾಗೆ ಇನ್ನೂ ಒಂದು ಗಳಿಗೆ ಇರಬಹುದಿತ್ತು — ಹಳೇ ಕೂಮಾ ತನ್ನ ಕೈಯಾರೆ, ಬಿಟ್ಟಿಯಾಗಿ, ಏನಾದರೂ ಒಂದು ಉಡುಗೊರೆ ಕೊಟ್ಟು ತನ್ನ ಜಾಗ ಬಿಟ್ಟುಕೊಡದೆ ಹೊಸ ಕೂಮಾ ಕಿರೀಟ ಮುಟ್ಟಿದರೆ ಆ ಮನೆಯ ದೀಪ ನಿಲ್ಲುವುದಿಲ್ಲ ಎನ್ನುತ್ತಾರೆ, ಹಾಗಾಗಿ ಎದುರು ಬಂದು ಕೈ ಮುಟ್ಟಿ ಕೇಳಬೇಕು, ನಮ್ಮನ್ನು ಬಿಟ್ಟುಬಿಡಮ್ಮ ಎನ್ನಬೇಕು, ದೋನ್ಕಾ ಕೇಳಲಿಲ್ಲ, ಕೂಲಿ ಎಷ್ಟಾದರೂ ತಗೋ ಅಂದಳು, ಬೇಡ ಎನ್ನುತ್ತಾಳೆ ಎಂದು ಗೊತ್ತಿದ್ದೇ ಅಂದಳು, ಥೂ, ನಿನ್ನ ಹತ್ತಿರ ಕೂಲಿ ತಗೊಳ್ತೀನಾ, ಇದು ನನ್ನ ಉಡುಗೊರೆ ಎಂದು ವೆಲಿಕಾಳ ಬಾಯಿಂದಲೇ ಹೇಳಿಸಿದಳು, ಹೊಟ್ಟೆಯೊಳಗೆ ಹಲ್ಲಿಟ್ಟುಕೊಂಡು ನಗುತ್ತಾ ಮಾತಾಡಿದಳಲ್ಲ, ಅದು ಉರಿಯುತ್ತದೆ — ಕೇಳಿದ್ದರೆ ಕೊಡುತ್ತಿರಲಿಲ್ಲವೇ, ಕೊಡುತ್ತಿದ್ದಳು, ಒಂದು ವಾರ ಅತ್ತು ಕೊಡುತ್ತಿದ್ದಳು, ಅಥವಾ ಕೊಡುತ್ತಿರಲಿಲ್ಲವೇನೋ, ಬೈದು ಬಾಗಿಲು ಹಾಕಿಕೊಳ್ಳುತ್ತಿದ್ದಳೇನೋ, ಅದನ್ನಾದರೂ ಮಾಡಲು ಬಿಡಬೇಕಿತ್ತು. ಇರಲಿ, ಲೈನಿಂಗು ಹೀಗೇ ಇರಲಿ, ಮೂರು ಬೆರಳು ಗಿಡ್ಡವೇ ಇರಲಿ, ಹೊರಗಿನಿಂದ ಯಾರಿಗೆ ಕಾಣುತ್ತದೆ, ಆ ಉದ್ದ ಬೆನ್ನಿನವಳು ಇಗರ್ಜಿಯಲ್ಲಿ ಎಲ್ಲರ ಎದುರು ಕಿರೀಟಕ್ಕೆಂದು ಎರಡು ಕೈ ಮೇಲೆತ್ತಲಿ, ಕಂಕುಳಿನಿಂದ ಪರ್‍ರ್ ಎನ್ನಲಿ, ಪಾದ್ರಿ ಗಡ್ಡದೊಳಗೆ ನಗಲಿ, ದೋನ್ಕಾ ಎಲ್ಲಿ ಮುಖ ಇಡುತ್ತಾಳೋ ಇಡಲಿ — ವೆಲಿಕಾ ಹೊಲಿಗೆ ಯಂತ್ರದ ಚಕ್ರ ತಿರುಗಿಸಿಯೇಬಿಟ್ಟಳು, ಕೊರಳ ಸುತ್ತು ಅರ್ಧ ಓಡಿತು, ಮನಸ್ಸಿಗೆ ಎಷ್ಟು ಹಿತವಾಯಿತೆಂದರೆ ಅವಳಿಗೇ ಹೆದರಿಕೆಯಾಯಿತು.

ಫೋನು ಮೇಜಿನ ಮೇಲೆ ಗುರುಗುಟ್ಟಿತು, ಯಾವೋರ್, ಎತ್ತಬಾರದು ಅಂದುಕೊಳ್ಳುತ್ತಲೇ ಎತ್ತಿದಳು, ಅವನ ಹೆಸರು ಬಂದರೆ ಎತ್ತದೆ ಇದ್ದದ್ದು ಯಾವತ್ತಿದೆ — ಕೂಮಾ, ಏನ್ ಮಾಡ್ತಿದ್ದೀಯಾ, ಹೊಲೀತಿದ್ದೀನಿ ಮಗಾ, ಗೊತ್ತು ಗೊತ್ತು, ಅಮ್ಮ ಹೇಳಿದಳು, ಅದಕ್ಕೇ ಮಾಡಿದೆ, ಗಂಟಲು ಸರಿಮಾಡಿಕೊಳ್ಳುತ್ತಾನೆ, ಚಿಕ್ಕಂದಿನಲ್ಲಿ ತಪ್ಪು ಮಾಡಿ ಬಂದಾಗ ಹೀಗೆಯೇ, ನಿಜ ಹೇಳ್ಲಾ ಕೂಮಾ, ನನಗೆ ಒಂದು ತಿಂಗಳಿಂದ ನಿದ್ದೆಯಿಲ್ಲ, ಇಸ್ಕ್ರಾ ಮೇಡಂ ನಿಲ್ತಾರೆ ಅಂತ ಅಮ್ಮ ನಿಶ್ಚಯ ಮಾಡಿದಾಗ ನಾನು ಆಗೋದೇ ಇಲ್ಲ ಅಂದೆ, ನನ್ನ ಕೂಮಾ ಒಪ್ಪದೆ ನಾನು ಕಿರೀಟ ಇಟ್ಟುಕೊಳ್ಳಲ್ಲ ಅಂದೆ, ಜಗಳ ಆಡಿದೆ, ಆಮೇಲೆ ಅಮ್ಮ ಹೇಳಿದಳು ನೀನೇ ಒಪ್ಪಿದ್ದೀಯಂತೆ, ರುಸಿ ಮಾಮ ಇಲ್ಲದೆ ಒಬ್ಬಳೇ ನಿಲ್ಲೋಕೆ ಮನಸ್ಸಿಲ್ಲ ಅಂದೆಯಂತೆ, ಅವರಿಗೆ ಉಡುಪನ್ನೂ ನೀನೇ ಹೊಲಿದು ಕೊಡ್ತೀಯಂತೆ — ಅಷ್ಟು ದೊಡ್ಡ ಮನಸ್ಸು ಯಾರಿಗಿರುತ್ತೆ ಕೂಮಾ, ನಿನಗೆ ಮೊದಲ ಸಾಲಲ್ಲೇ ಕುರ್ಚಿ ಹಾಕಿಸಿದ್ದೀನಿ, ಅಮ್ಮನ ಪಕ್ಕ — ಕುರ್ಚಿ, ಕೂಮಾ ಕೂರುವುದಿಲ್ಲ ಮಗನೇ, ಕೂಮಾ ನಿಲ್ಲುತ್ತಾಳೆ — ಕೂಮಾ, ಕೇಳಿಸ್ತಿದೆಯಾ, ಒಂದು ಸಲ ನಿನ್ನ ಬಾಯಲ್ಲಿ ಹೇಳಿಬಿಡು, ಒಪ್ಪಿದ್ದೀಯಲ್ಲ, ನನಗೆ ಅಷ್ಟೇ ಸಾಕು. ಇಲ್ಲ ಎಂದರೆ ಮುಗಿಯಿತು, ಒಂದೇ ಮಾತು, ಇವನು ಇವತ್ತೇ ಮನೆಗೆ ಹೋಗಿ ತಾಯಿಯ ಮುಖಕ್ಕೆ ಉಗಿದು ಬರುತ್ತಾನೆ, ಮದುವೆ ನಿಲ್ಲುತ್ತದೆ ಇಲ್ಲವೇ ಮುರುಕಾಗಿ ನಡೆಯುತ್ತದೆ, ನಾಳೆ ಇವನ ಮಗುವಿಗೆ ಒಂದು ಕೆಮ್ಮು ಬಂದರೂ ಕೂಮಾಳ ಬಾಯಿ ತಟ್ಟಿತು ಎಂದು ಇವನೇ ನಡುಗುತ್ತಾನೆ, ನೀರಿನಿಂದ ಎತ್ತಿದಾಗ ಹೀಗೆಯೇ ನಡುಗುತ್ತಿದ್ದ — ಒಪ್ಪಿದ್ದೀನಿ ಮಗಾ, ಒಳ್ಳೇದಾಗಲಿ, ನಿಮ್ಮ ಮನೆ ತುಂಬಲಿ, ಅಂದದ್ದು ತನ್ನ ಬಾಯಿಯೇ, ದೋನ್ಕಾ ಕದಿಯಲು ಉಳಿದಿದ್ದದ್ದು ಇದೊಂದೇ ಮಾತು, ಇದನ್ನೂ ತಾನೇ ಎತ್ತಿ ಕೊಟ್ಟಳು, ಅವನು ಆ ಕಡೆ ಅಳುತ್ತಾ ನಗುತ್ತಿದ್ದಾನೆ, ಥೇಟ್ ತಾಯಿಯ ಹಾಗೆ.

ಮೂರು ಗಂಟೆ. ಹೊಲಿದ ಕೊರಳ ಸುತ್ತನ್ನು ಬಿಚ್ಚಿದಳು, ಉಳಿದ ಚೂರುಗಳಿಂದ ಮೂರು ಬೆರಳಗಲದ ಪಟ್ಟಿ, ಹೊಲಿಗೆಗೆಂದು ಎರಡೂ ಅಂಚಿಗೆ ಒಂದಿಷ್ಟು ಬಿಟ್ಟು, ಕತ್ತರಿಸಿದಳು, ಲೈನಿಂಗನ್ನು ಸೊಂಟದ ಹತ್ತಿರ ಅಡ್ಡ ಕತ್ತರಿಸಿ ನಡುವೆ ಪಟ್ಟಿ ಕೂಡಿಸಿದಳು, ಒಳಗೆ ಹಿಡಿದ ಪಕ್ಕಗಳನ್ನು ಚೀಟಿಯಂತೆ ಬಿಟ್ಟಳು, ಕೈಗಳು ತಮ್ಮ ಪಾಡಿಗೆ ಕೆಲಸ ಮಾಡುತ್ತವೆ, ಕೆಟ್ಟದಾಗಿ ಹೊಲಿಯಲು ಅವಕ್ಕೆ ಬರುವುದಿಲ್ಲ, ಅವೂ ದೋನ್ಕಾಳ ಕಡೆಯವೇ — ಕೊರಳು ಕೂಡಿಸಿ, ಕಂಕುಳ ಸುತ್ತು ಕೂಡಿಸಿ, ಬೆನ್ನ ಎರಡು ಭಾಗಗಳನ್ನು ಒಂದೊಂದೇ ಹೆಗಲ ಸಂದಿಯಲ್ಲಿ ತೂರಿಸಿ ಎಳೆದರೆ ಒಳಗಿನದು ಒಳಗೆ, ಹೊರಗಿನದು ಹೊರಗೆ, ಒಂದು ಹೊಲಿಗೆಯೂ ಕಾಣದ ಹಾಗೆ, ಆಮೇಲೆ ಪಕ್ಕಗಳು, ಕೆಳಗಿನ ಅಂಚು, ಕೊನೆಗೆ ಜಿಪ್ಪು, ನಾಲ್ಕೂಕಾಲು — ಈಗ ಸೊಂಟಕ್ಕೆ ಸೊಂಟ ಬಂದಿದೆ, ಕುರ್ಚಿಯ ಬೆನ್ನಿಗೆ ತೊಡಿಸಿದರೆ ಹೇಗೆ ನಿಂತಿದೆ ನೋಡು, ಇಷ್ಟು ಚೆನ್ನಾಗಿ ಅವಳು ದೋನ್ಕಾಳಿಗೂ ಹೊಲಿದಿಲ್ಲ, ಇನ್ನು ಜಿಪ್ಪನ್ನು ಒಂದು ಸಲ ಎಳೆದು ನೋಡಿ ಮಡಿಸುವುದಷ್ಟೇ, ಎಳೆದು ನೋಡದೆ ಯಾರೂ ಕಳಿಸುವುದಿಲ್ಲ, ಕೈ ಚಾಚಿದಳು, ಕೈ ಹೋಗುತ್ತಿಲ್ಲ, ಅಲ್ಲಿ ಆಗಲೇ ಇನ್ನೊಂದು ಕೈ ಇದೆ — ಕಣ್ಣೆದುರು ಭಾನುವಾರ ಬೆಳಿಗ್ಗೆ, ಸೋಫಿಯಾದ ಯಾವುದೋ ಕೋಣೆ, ಉದ್ದನೆಯ ಬೆನ್ನೊಂದು ಇವಳಿಗೆ ಬೆನ್ನು ಹಾಕಿ ನಿಂತಿದೆ, ಅದರ ಹಿಂದೆ ತುದಿಗಾಲಲ್ಲಿ ದೋನ್ಕಾ, ಸ್ವಲ್ಪ ಉಸಿರು ಹಿಡೀರಿ ಮೇಡಂ ಎನ್ನುತ್ತಾಳೆ, ಮೋಟು ಬೆರಳು ಜಿಪ್ಪಿನ ನಾಲಿಗೆಯ ಮೇಲೆ ಜಾರುತ್ತದೆ, ಮತ್ತೆ ಹಿಡಿಯುತ್ತದೆ — ಏಳು ವೆಲಿಕಾ, ಬಸ್ಸಿಗೆ ಹೊತ್ತಾಯಿತು, ಎಂದು ತನಗೆ ತಾನೇ ಹೇಳಿಕೊಳ್ಳುತ್ತಾಳೆ — ಜಾರುತ್ತದೆ, ಮತ್ತೆ ಹಿಡಿಯುತ್ತದೆ, ಎಂದೂ ಇಲ್ಲದ ತಾಳ್ಮೆ ದೋನ್ಕಾಳಿಗೆ ಇವತ್ತು ಬಂದಿದೆ — ಏಳು — ಸೊಂಟದಿಂದ ಒಂದು ಗೇಣು ಮೇಲೆ, ಆ ಮೋಟು ಬೆರಳು, ಜಾರುತ್ತದೆ, ಹಿಡಿಯುತ್ತದೆ, ಮೇಲಕ್ಕೆ, ಆ ಮೋಟು ಬೆರಳು